ಜೂಲಿಯಾ ಮಾರ್ಗನ್: ಗೋಡೆಯೊಳಗಿನ ಕಬ್ಬಿಣವನ್ನು ನಂಬಿದ ವಾಸ್ತುಶಿಲ್ಪಿ

2023ರ ಫೆಬ್ರುವರಿ 6ರ ಬೆಳಗಿನ ಜಾವ ಟರ್ಕಿಯಲ್ಲಿ 7.8ರ ತೀವ್ರತೆಯ ಭೂಕಂಪವಾಗಿ 50 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಟೀವಿಯಲ್ಲಿ ಮತ್ತೆ ಮತ್ತೆ ಕಂಡದ್ದು ಹಳೆಯ ಮಣ್ಣಿನ ಮನೆಗಳಲ್ಲ, ನಿಂತಲ್ಲೇ ಕುಸಿದು ಒಂದರ ಮೇಲೊಂದು ಮಹಡಿ ಕೂತ ಆರ್‌ಸಿಸಿ ಅಪಾರ್ಟ್‌ಮೆಂಟುಗಳು. ಕಂಬಿ ಕಟ್ಟಿ, ಕಾಂಕ್ರೀಟು ಸುರಿದು ಎಬ್ಬಿಸಿದ ಕಟ್ಟಡಗಳೇ ಹೀಗಾದರೆ ಆರ್‌ಸಿಸಿಗೆ ಅರ್ಥವೇನು ಎಂದು ಮನೆ ಕಟ್ಟಿಸುವ ಯಾರಿಗಾದರೂ ಅನ್ನಿಸುವುದು ಸಹಜ.

ಕಾಂಕ್ರೀಟಿನೊಳಗೆ ಕಬ್ಬಿಣ ಸರಿಯಾಗಿ ಕೂತಿದ್ದರೆ ಅದು ಭೂಕಂಪವನ್ನು ತಾಳಿಕೊಳ್ಳಬಲ್ಲದು ಎಂಬುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 1906ರಲ್ಲೇ ಕಣ್ಣಿಗೆ ಕಟ್ಟುವಂತೆ ಸಾಬೀತಾಗಿತ್ತು. ಹಾಗೆ ಸಾಬೀತು ಮಾಡಿದ ಕಟ್ಟಡಗಳಲ್ಲೊಂದರ ನಕ್ಷೆ ಬರೆದವರು ಆಗಿನ್ನೂ 30ರ ಆಸುಪಾಸಿನಲ್ಲಿದ್ದ ಜೂಲಿಯಾ ಮಾರ್ಗನ್. ಕ್ಯಾಲಿಫೋರ್ನಿಯಾದಲ್ಲಿ ವಾಸ್ತುಶಿಲ್ಪಿಯ ಲೈಸೆನ್ಸು ಪಡೆದ ಮೊದಲ ಮಹಿಳೆ ಅವರು. ಮುಂದಿನ ಸುಮಾರು 5 ದಶಕಗಳಲ್ಲಿ 700ಕ್ಕೂ ಹೆಚ್ಚು ಕಟ್ಟಡಗಳಿಗೆ ಕೈ ಹಾಕಿದರು. ಅವರ ಹೆಸರು ಹೇಳಿದೊಡನೆ ಬೆಟ್ಟದ ತುದಿಯ ಒಂದು ಅರಮನೆಯ ಚಿತ್ರ ತೋರಿಸುವುದು ವಾಡಿಕೆ. ಆದರೆ ಅವರನ್ನು ಅರ್ಥ ಮಾಡಿಕೊಳ್ಳಲು ಅರಮನೆಯ ಅಲಂಕಾರದಿಂದ ಶುರು ಮಾಡಬಾರದು, ಅದರ ಗೋಡೆಯೊಳಗೆ ಕಾಣದಂತೆ ಕೂತಿರುವ ಕಂಬಿಯಿಂದ ಶುರು ಮಾಡಬೇಕು ಎಂಬುದು ನನ್ನ ನಂಬಿಕೆ.

ಎಂಜಿನಿಯರಿಂಗ್ ಮೊದಲು, ವಾಸ್ತುಶಿಲ್ಪ ಆಮೇಲೆ

ಜೂಲಿಯಾ ಹುಟ್ಟಿದ್ದು 1872ರ ಜನವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೆಳೆದದ್ದು ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡಿನಲ್ಲಿ. ತಾಯಿಯ ತವರು ನ್ಯೂಯಾರ್ಕ್ ಕಡೆಯ ಸಿರಿವಂತರ ಮನೆ. ಅಲ್ಲಿಗೆ ಹೋದಾಗಲೆಲ್ಲ ಬಂಧುವೊಬ್ಬರ ಗಂಡ ಪಿಯರ್ ಲೆಬ್ರನ್ ಎಂಬ ವಾಸ್ತುಶಿಲ್ಪಿಯ ಒಡನಾಟ ಹುಡುಗಿಗೆ ಸಿಗುತ್ತಿತ್ತು. ಈ ಕೆಲಸದ ಹುಚ್ಚು ಹತ್ತಿದ್ದು ಅಲ್ಲಿಂದ.

ಆದರೆ ಓದುವುದೆಲ್ಲಿ? ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗ ವಾಸ್ತುಶಿಲ್ಪದ ವಿಭಾಗವೇ ಇರಲಿಲ್ಲ. ಹತ್ತಿರದ ದಾರಿ ಎಂದರೆ ಸಿವಿಲ್ ಎಂಜಿನಿಯರಿಂಗ್. ಅದಕ್ಕೇ ಸೇರಿಕೊಂಡರು, ಎಷ್ಟೋ ತರಗತಿಗಳಲ್ಲಿ ಇದ್ದ ಒಬ್ಬಳೇ ಹುಡುಗಿಯಾಗಿ ಕೂತು 1894ರಲ್ಲಿ ಪದವಿ ಪಡೆದರು.

ಈ ಎರಡು ವಿದ್ಯೆಗಳ ವ್ಯತ್ಯಾಸವನ್ನು ಇಲ್ಲಿ ತಿಳಿದುಕೊಳ್ಳಬೇಕು. ಕಟ್ಟಡದಲ್ಲಿ ಯಾವ ಕೋಣೆ ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಒಳಗೆ ಬಂದವರು ಹೇಗೆ ಓಡಾಡಬೇಕು, ನೋಡಲು ಹೇಗಿರಬೇಕು ಎಂದು ಯೋಚಿಸುವವರು ವಾಸ್ತುಶಿಲ್ಪಿ. ಆ ಭಾರವನ್ನೆಲ್ಲ ಯಾವ ಕಂಬ ಹೊರಬೇಕು, ಎಷ್ಟು ದಪ್ಪದ ತೊಲೆ ಬೇಕು, ಗಾಳಿ ಬೀಸಿದರೆ, ನೆಲ ಅಲುಗಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವವರು ಸ್ಟ್ರಕ್ಚರಲ್ ಎಂಜಿನಿಯರ್. ಸಾಮಾನ್ಯವಾಗಿ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಮಾರ್ಗನ್ ಎರಡನ್ನೂ ಕಲಿತವರು, ಅದೂ ಲೆಕ್ಕವನ್ನು ಮೊದಲು ಕಲಿತವರು.

ಬರ್ಕ್‌ಲಿಯಲ್ಲಿ ರೇಖಾಗಣಿತದ ಚಿತ್ರಣ ಕಲಿಸುತ್ತಿದ್ದ ಬರ್ನಾರ್ಡ್ ಮೇಬೆಕ್ ಸ್ವತಃ ದೊಡ್ಡ ವಾಸ್ತುಶಿಲ್ಪಿ. ಆಸಕ್ತ ವಿದ್ಯಾರ್ಥಿಗಳನ್ನು ತಮ್ಮ ಮನೆಗೇ ಕರೆಸಿ ಪಾಠ ಹೇಳುತ್ತಿದ್ದರು. ತಾವು ಓದಿದ್ದ ಪ್ಯಾರಿಸ್ಸಿನ ಶಾಲೆಗೇ ಹೋಗು ಎಂದು ಮಾರ್ಗನ್‌ರನ್ನು ಹುರಿದುಂಬಿಸಿದವರು ಅವರು. ಆ ಶಾಲೆಯ ಹೆಸರು ಇಕೋಲ್ ದ ಬೋಜಾರ್. ಅಲ್ಲಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ.

ಪ್ಯಾರಿಸ್ಸಿನ ಶಾಲೆ ಹೇಗೆ ನಡೆಯುತ್ತಿತ್ತು?

ಇಂದಿನ ಆರ್ಕಿಟೆಕ್ಚರ್ ಕಾಲೇಜಿನ ಹಾಗೆ ಸೆಮಿಸ್ಟರು, ಹಾಜರಿ, ವರ್ಷಕ್ಕೊಂದು ಪರೀಕ್ಷೆ ಎಂಬ ಕ್ರಮ ಅಲ್ಲಿರಲಿಲ್ಲ. ವಿದ್ಯಾರ್ಥಿ ಒಬ್ಬ ಹಿರಿಯ ವಾಸ್ತುಶಿಲ್ಪಿಯ ಕಾರ್ಯಶಾಲೆಗೆ ಸೇರಿಕೊಳ್ಳುತ್ತಿದ್ದ. ಇದಕ್ಕೆ ಅತೆಲಿಯೆ ಎನ್ನುತ್ತಾರೆ. ಕೆಲಸ ಕಲಿಯುವುದು ಅಲ್ಲಿ, ಗುರುವಿನ ಮತ್ತು ಹಿರಿಯ ವಿದ್ಯಾರ್ಥಿಗಳ ಕೈಕೆಳಗೆ. ಶಾಲೆ ಮಾಡುತ್ತಿದ್ದದ್ದು ಸ್ಪರ್ಧೆಗಳನ್ನು ನಡೆಸುವುದು. ಒಂದು ನಾಟಕಶಾಲೆಯೋ ಗ್ರಂಥಾಲಯವೋ ಬೇಕು ಎಂದು ವಿಷಯ ಕೊಡುತ್ತಿದ್ದರು. ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ಒಂದು ಗೂಡಿನಲ್ಲಿ ಕೂತು, ಗೊತ್ತುಮಾಡಿದ ಅವಧಿಯೊಳಗೆ ಕಚ್ಚಾ ನಕ್ಷೆ ಬರೆದು ಒಪ್ಪಿಸಬೇಕು. ಆಮೇಲೆ ವಾರಗಟ್ಟಲೆ ಅದನ್ನು ಬೆಳೆಸಿ ದೊಡ್ಡ ಚಿತ್ರಗಳನ್ನು ತಯಾರಿಸಬಹುದು, ಆದರೆ ಮೊದಲ ದಿನದ ಮೂಲ ಯೋಚನೆಯಿಂದ ದೂರ ಸರಿಯುವಂತಿಲ್ಲ. ಗೆದ್ದರೆ ಅಂಕ, ಪದಕ. ಸಾಕಷ್ಟು ಅಂಕ ಸೇರಿದರೆ ಪ್ರಮಾಣಪತ್ರ. 30 ವರ್ಷ ತುಂಬಿತೆಂದರೆ ಶಾಲೆಯ ಬಾಗಿಲು ಮುಚ್ಚಿತು.

ಮೊದಲು ನಕ್ಷೆಯ ಬೆನ್ನೆಲುಬನ್ನು ಗಟ್ಟಿ ಮಾಡಿಕೊ, ಅಲಂಕಾರ ಆಮೇಲೆ ನೋಡಿದರಾಯಿತು ಎಂಬುದೇ ಈ ಪದ್ಧತಿಯ ಜೀವಾಳ. ಮುಂದೆ 28 ವರ್ಷ ಒಂದೇ ಬೆಟ್ಟದ ಮೇಲೆ, ದಿನಕ್ಕೊಂದು ಮನಸ್ಸಿನ ಯಜಮಾನನ ಜೊತೆ ಕೆಲಸ ಮಾಡುವಾಗ ಮಾರ್ಗನ್‌ರ ಕೈ ಹಿಡಿದದ್ದು ಇದೇ.

ಮಾರ್ಗನ್ ಪ್ಯಾರಿಸ್ ತಲುಪಿದ್ದು 1896ರಲ್ಲಿ. ಫ್ರಾನ್ಸಿನ ಕಲಾವಿದೆಯರು ವರ್ಷಗಟ್ಟಲೆ ಹೋರಾಡಿದ್ದರಿಂದ 1897ರಲ್ಲಿ ಶಾಲೆ ಹೆಣ್ಣುಮಕ್ಕಳಿಗೆ ತೆರೆಯಿತು. ಆದರೂ ವಾಸ್ತುಶಿಲ್ಪ ವಿಭಾಗಕ್ಕೆ ಪ್ರವೇಶ ಪರೀಕ್ಷೆಯನ್ನು ದಾಟಬೇಕು, ಸೇರಿಸಿಕೊಳ್ಳುತ್ತಿದ್ದದ್ದು ಮೊದಲ 30 ಮಂದಿಯನ್ನು ಮಾತ್ರ. ಮೊದಲ ಸಲ ಕೂತಾಗ ಸುಮಾರು 380 ಜನರಲ್ಲಿ ಅವರದು 42ನೆಯ ಸ್ಥಾನ. ಎರಡನೆಯ ಸಲ ಅವರ ಅಂಕಗಳನ್ನು ಬೇಕೆಂದೇ ಇಳಿಸಲಾಯಿತು. ಹುಡುಗಿಯರಿಗೆ ಉತ್ತೇಜನ ಕೊಡಲು ಪರೀಕ್ಷಕರಿಗೆ ಇಷ್ಟವಿರಲಿಲ್ಲ ಎಂದು ತಿಳಿದುಬಂದುದನ್ನು ಅವರು ಪತ್ರದಲ್ಲಿ ಬರೆದರು. ಅಷ್ಟಕ್ಕೇ ಊರಿಗೆ ಹೊರಡಲಿಲ್ಲ. 1898ರಲ್ಲಿ ಮೂರನೆಯ ಸಲ ಕೂತರು, 13ನೆಯ ಸ್ಥಾನ ಬಂತು. ಇನ್ನು ತಡೆಯಲು ಯಾರಿಗೂ ದಾರಿ ಉಳಿಯಲಿಲ್ಲ.

30 ತುಂಬಲು ಮೂರು ವರ್ಷ ಚಿಲ್ಲರೆ ಸಮಯವಿತ್ತು. ಷೋಸ್ಮಿಷ್ ಎಂಬ ವಾಸ್ತುಶಿಲ್ಪಿಯ ಅತೆಲಿಯೆಯಲ್ಲಿ ದುಡಿದು 1902ರ ಆರಂಭದಲ್ಲಿ ಪ್ರಮಾಣಪತ್ರ ಪಡೆದರು. ಆ ಶಾಲೆಯಿಂದ ವಾಸ್ತುಶಿಲ್ಪದಲ್ಲಿ ಅದನ್ನು ಪಡೆದ ಮೊದಲ ಮಹಿಳೆ.

ಊರಿಗೆ ಮರಳಿ

ವಾಪಸು ಬಂದ ಮೇಲೆ ಜಾನ್ ಗ್ಯಾಲನ್ ಹೊವಾರ್ಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ. ಬರ್ಕ್‌ಲಿ ವಿಶ್ವವಿದ್ಯಾಲಯದ ಹೊಸ ಕಟ್ಟಡಗಳನ್ನು ಕಟ್ಟಿಸುತ್ತಿದ್ದ ಹೊವಾರ್ಡ್, ತನ್ನ ಬಳಿ ಬಹಳ ಒಳ್ಳೆಯ ನಕ್ಷೆಗಾರ್ತಿ ಇದ್ದಾಳೆ, ಹೆಂಗಸಾದ್ದರಿಂದ ಹೆಚ್ಚೇನೂ ಕೊಡಬೇಕಾಗಿಲ್ಲ ಎಂದು ಇತರರ ಮುಂದೆ ಹೇಳಿಕೊಳ್ಳುತ್ತಿದ್ದರು ಎಂಬ ಮಾತು ಇಂದಿಗೂ ಉಳಿದಿದೆ. ಮಾರ್ಗನ್ ಲೈಸೆನ್ಸು ಪಡೆದು 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ವಂತ ಕಚೇರಿ ತೆರೆದರು.

ಅದೇ ವರ್ಷ ಓಕ್‌ಲ್ಯಾಂಡಿನ ಮಿಲ್ಸ್ ಎಂಬ ಮಹಿಳಾ ಕಾಲೇಜಿನ ಅಂಗಳದಲ್ಲಿ ಅವರು ವಿನ್ಯಾಸ ಮಾಡಿದ ಗಂಟೆ ಗೋಪುರ ಎದ್ದು ನಿಂತಿತು. ಎತ್ತರ 72 ಅಡಿ, ಹೆಸರು ಎಲ್ ಕ್ಯಾಂಪನಿಲ್. 1893ರ ಶಿಕಾಗೊ ವಿಶ್ವಮೇಳಕ್ಕಾಗಿ ಎರಕ ಹೊಯ್ದಿದ್ದ 10 ಗಂಟೆಗಳು ಕಾಲೇಜಿಗೆ ಬಂದಿದ್ದವು, ಅವನ್ನು ತೂಗುಹಾಕಲು ಒಂದು ಗೋಪುರ ಬೇಕಿತ್ತು. ಹಳೆಯ ಸ್ಪ್ಯಾನಿಷ್ ಚರ್ಚುಗಳ ಛಾಯೆಯಿರುವ, ಹೆಂಚಿನ ಮಾಡು ಹೊದ್ದ ಸರಳ ಗೋಪುರ. ಹೊರಗಿನಿಂದ ನೋಡಿದರೆ ಅದರಲ್ಲಿ ಹೊಸತೇನೂ ಕಾಣುವುದಿಲ್ಲ. ಹೊಸತಿದ್ದದ್ದು ಒಳಗೆ.

ಕಾಂಕ್ರೀಟಿನೊಳಗೆ ಕಬ್ಬಿಣ ಏಕೆ?

ಒಂದು ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬೆರಳಲ್ಲಿ ಒತ್ತಿ. ಸುಲಭಕ್ಕೆ ಏನೂ ಆಗುವುದಿಲ್ಲ. ಅದನ್ನೇ ಎರಡೂ ತುದಿ ಹಿಡಿದು ಸ್ವಲ್ಪ ಬಾಗಿಸಿದರೆ ಪಟಕ್ಕನೆ ಮುರಿಯುತ್ತದೆ. ಕಾಂಕ್ರೀಟಿನ ಸ್ವಭಾವವೂ ಹೀಗೆಯೇ. ಒತ್ತುವ ಬಲವನ್ನು ಅದು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳುವ ಶಕ್ತಿ ಅದರ ಹತ್ತನೇ ಒಂದು ಪಾಲಿನಷ್ಟು ಮಾತ್ರ.

ಬಾಗುವಾಗ ಎಳೆತ ಎಲ್ಲಿಂದ ಬಂತು? ಎರಡು ಕಂಬಗಳ ಮೇಲೆ ಕೂತ ತೊಲೆಯ ನಡುವೆ ಭಾರ ಹೇರಿದರೆ ಅದು ಕೆಳಕ್ಕೆ ಜಗ್ಗುತ್ತದೆ. ಆಗ ಅದರ ಮೇಲ್ಮೈ ಕುಗ್ಗುತ್ತದೆ, ಅಂದರೆ ಒತ್ತಲ್ಪಡುತ್ತದೆ. ಕೆಳಮೈ ಹಿಗ್ಗುತ್ತದೆ, ಅಂದರೆ ಎಳೆಯಲ್ಪಡುತ್ತದೆ. ಬಿರುಕು ಶುರುವಾಗುವುದು ಈ ಕೆಳಮೈಯಲ್ಲಿ. ಅಲ್ಲಿ ಕಬ್ಬಿಣದ ಸರಳು ಇಟ್ಟರೆ ಎಳೆತವನ್ನು ಸರಳು ಹೊತ್ತುಕೊಳ್ಳುತ್ತದೆ, ಒತ್ತಡವನ್ನು ಕಾಂಕ್ರೀಟು ಹೊತ್ತುಕೊಳ್ಳುತ್ತದೆ. ಮನೆಗೆ ಮೋಲ್ಡ್ ಹಾಕುವಾಗ ಮುಖ್ಯ ಕಂಬಿಗಳನ್ನು ಅಡಿಭಾಗಕ್ಕೆ ಹತ್ತಿರ ಕಟ್ಟುವುದು, ಗೋಡೆಯಿಂದ ಹೊರಚಾಚಿದ ಸಜ್ಜಾದಲ್ಲಿ ಮಾತ್ರ ಮೇಲ್ಭಾಗದಲ್ಲಿ ಕಟ್ಟುವುದು ಇದೇ ಕಾರಣಕ್ಕೆ. ಸಜ್ಜಾ ಬಾಗಿದರೆ ಹಿಗ್ಗುವುದು ಅದರ ಮೇಲ್ಮೈ. ಇಲ್ಲಿ ತಪ್ಪಿದರೆ ಎಷ್ಟು ಸಿಮೆಂಟು ಸುರಿದರೂ ಪ್ರಯೋಜನವಿಲ್ಲ.

ಈ ಎರಡು ವಸ್ತುಗಳ ಹೊಂದಾಣಿಕೆಗೆ ಪ್ರಕೃತಿಯೇ ಒದಗಿಸಿದ ಎರಡು ಅನುಕೂಲಗಳಿವೆ. ಬಿಸಿಲಿಗೆ ಎರಡೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಚಳಿಗೆ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಹಾಗಾಗಿ ಒಂದನ್ನೊಂದು ಬಿಟ್ಟು ಕಿತ್ತುಬರುವುದಿಲ್ಲ. ಜೊತೆಗೆ ಸಿಮೆಂಟಿನ ಕ್ಷಾರಗುಣ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ, ಹೊರಗಿನ ನೀರು ಮತ್ತು ಉಪ್ಪು ಒಳಗೆ ಇಳಿಯದಿರುವವರೆಗೆ.

ಇನ್ನು ಭೂಕಂಪ. ಕಟ್ಟಡದ ಮೇಲೆ ಸದಾ ಇರುವ ಭಾರ ಮೇಲಿನಿಂದ ಕೆಳಕ್ಕೆ ಒತ್ತುವಂಥದ್ದು. ಇಟ್ಟಿಗೆ, ಕಲ್ಲಿನ ಗೋಡೆಗಳು ಅದನ್ನು ಶತಮಾನಗಟ್ಟಲೆ ಹೊರುತ್ತವೆ. ಭೂಕಂಪದಲ್ಲಿ ನೆಲ ಅಡ್ಡಡ್ಡ ಸರಿಯುತ್ತದೆ. ಬುಡ ನೆಲದ ಜೊತೆ ಹೋಗುತ್ತದೆ, ಮೇಲಿನ ಭಾರ ಇದ್ದಲ್ಲೇ ಇರಲು ನೋಡುತ್ತದೆ. ಭಾರ ಹೆಚ್ಚಿದಷ್ಟೂ, ಅದು ಎತ್ತರದಲ್ಲಿದ್ದಷ್ಟೂ ಕಟ್ಟಡ ಜೋರಾಗಿ ಬಾಗುತ್ತದೆ. ಬಾಗಿದರೆ ಒಂದು ಪಕ್ಕದಲ್ಲಿ ಎಳೆತ. ಗಾರೆಯಿಂದ ಅಂಟಿಸಿದ ಇಟ್ಟಿಗೆಗೆ ಆ ಎಳೆತ ತಾಳುವುದಿಲ್ಲ. ಕಬ್ಬಿಣ ಮಾತ್ರ ಹಿಗ್ಗುತ್ತದೆ, ಬಾಗುತ್ತದೆ, ಕೂಡಲೇ ಮುರಿಯುವುದಿಲ್ಲ. ಒಳಗಿರುವ ಜನ ಹೊರಗೆ ಓಡಲು ಆ ಹೊತ್ತು ಸಾಕು.

ಟರ್ಕಿಯಲ್ಲಿ ಬಿದ್ದ ಕಟ್ಟಡಗಳ ವಿಷಯಕ್ಕೆ ಇಲ್ಲೇ ಉತ್ತರವಿದೆ. ಕಂಬದ ಉದ್ದುದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ದೂರ ದೂರ ಇದ್ದರೆ ಅಥವಾ ಸಡಿಲವಾಗಿದ್ದರೆ, ಕಂಬ ಅಲುಗಿದಾಗ ಒಳಗಿನ ಕಾಂಕ್ರೀಟು ಪುಡಿಯಾಗಿ ಹೊರಕ್ಕೆ ಸಿಡಿಯುತ್ತದೆ, ಕಂಬಿಗಳು ಹೊರಕ್ಕೆ ಬಾಗಿ ಮಡಚಿಕೊಳ್ಳುತ್ತವೆ. ನೆಲಮಹಡಿಯಲ್ಲಿ ಗೋಡೆಗಳೇ ಇಲ್ಲದೆ ಬರೀ ಕಂಬಗಳ ಮೇಲೆ ಪಾರ್ಕಿಂಗ್ ಬಿಟ್ಟಿದ್ದರೆ ಎಲ್ಲ ಬಾಗುವಿಕೆಯೂ ಆ ಒಂದೇ ಮಹಡಿಯ ಪಾಲಿಗೆ ಬರುತ್ತದೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಅಪಾರ್ಟ್‌ಮೆಂಟುಗಳಲ್ಲಿಯೂ ಈ ದೋಷ ಕಂಡಿತು. ಆರ್‌ಸಿಸಿ ಎಂಬ ಹೆಸರು ಯಾರನ್ನೂ ಉಳಿಸುವುದಿಲ್ಲ, ಕಂಬಿ ಎಲ್ಲಿದೆ, ರಿಂಗು ಎಷ್ಟು ಹತ್ತಿರವಿದೆ ಎಂಬುದೇ ಉಳಿಸುವುದು.

1904ರಲ್ಲಿ ಈ ತಂತ್ರ ಹೊಸದು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಅರ್ನೆಸ್ಟ್ ರಾನ್ಸಮ್ ಎಂಬ ಎಂಜಿನಿಯರ್ 1884ರಲ್ಲಿ ತಿರುಚಿದ ಕಬ್ಬಿಣದ ಸರಳಿಗೆ ಪೇಟೆಂಟ್ ಪಡೆದಿದ್ದರು. ತಿರುಚಿದ ಸರಳು ಕಾಂಕ್ರೀಟನ್ನು ಬಿಗಿಯಾಗಿ ಹಿಡಿಯುತ್ತದೆ. ಇಂದಿನ ಟಿಎಂಟಿ ಕಂಬಿಯ ಮೈಮೇಲೆ ಏಣುಗಳಿರುವುದೂ ಅದಕ್ಕೇ. ಫ್ರಾನ್ಸಿನಲ್ಲಿ ಫ್ರಾನ್ಸ್ವಾ ಎನೆಬೀಕ್ 1892ರಲ್ಲಿ ತಮ್ಮ ಪದ್ಧತಿಗೆ ಪೇಟೆಂಟ್ ಪಡೆದಿದ್ದರು, ಮಾರ್ಗನ್ ಓದುತ್ತಿದ್ದ ಕಾಲದಲ್ಲಿ ಆ ಪದ್ಧತಿ ಯೂರೋಪಿನಲ್ಲಿ ಹಬ್ಬುತ್ತಿತ್ತು. ಆದರೂ ಅಮೆರಿಕದಲ್ಲಿ ಹೆಚ್ಚಿನವರ ಕಣ್ಣಿಗೆ ಕಾಂಕ್ರೀಟು ಎಂದರೆ ಕಾರ್ಖಾನೆ, ಗೋದಾಮು, ಸೇತುವೆಗಳ ಸಾಮಾನು. ಕಾಲೇಜಿನ ಅಂಗಳದ ಅಂದದ ಗೋಪುರಕ್ಕೆ ಅದನ್ನು ಬಳಸಲು ಧೈರ್ಯ ಬೇಕಿತ್ತು, ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕ ಗೊತ್ತಿರಬೇಕಿತ್ತು. ಎತ್ತರಕ್ಕೆ ಕಿರಿದಾಗಿ ನಿಂತು ನೆತ್ತಿಯ ಮೇಲೆ 10 ಗಂಟೆಗಳ ತೂಕ ಹೊತ್ತ ಕಟ್ಟಡ. ಭೂಕಂಪದ ಮಟ್ಟಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಕಡಿಮೆ.

1906ರ ಏಪ್ರಿಲ್ 18

ಆ ದಿನ ಬೆಳಿಗ್ಗೆ 5 ಗಂಟೆ 12 ನಿಮಿಷಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ನಡುಗಿತು. ತೀವ್ರತೆ 7.9ರಷ್ಟಿತ್ತೆಂದು ಅಂದಾಜು. ಗ್ಯಾಸ್ ಕೊಳವೆಗಳು ಒಡೆದು ಬೆಂಕಿ ಎದ್ದಿತು, ನೀರಿನ ಕೊಳವೆಗಳೂ ಒಡೆದಿದ್ದರಿಂದ ಆರಿಸಲು ನೀರಿಲ್ಲ. ಮೂರು ದಿನ ಊರು ಉರಿಯಿತು. ಸುಮಾರು 4 ಲಕ್ಷ ಜನರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮನೆ ಕಳೆದುಕೊಂಡರು, ಸುಮಾರು 28 ಸಾವಿರ ಕಟ್ಟಡಗಳು ನಾಶವಾದವು. ಮಾರ್ಗನ್‌ರ ಕಚೇರಿಯೂ ಹೋಯಿತು, ಅದರೊಂದಿಗೆ ಅಲ್ಲಿಯವರೆಗಿನ ನಕ್ಷೆ ಕಾಗದಪತ್ರಗಳೂ ಹೋದವು.

ಮಿಲ್ಸ್ ಕಾಲೇಜಿನ ಗೋಪುರಕ್ಕೆ ಏನೂ ಆಗಲಿಲ್ಲ.

ಇದೊಂದೇ ಸಾಕ್ಷಿಯಾಗಿದ್ದರೆ ಅದೃಷ್ಟ ಎನ್ನಬಹುದಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ರಾನ್ಸಮ್ ಪದ್ಧತಿಯಲ್ಲಿ ಕಟ್ಟಿದ್ದ ನಡುವಿನ ಭಾಗ ಉಳಿಯಿತು, ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿ ಸೇರಿಸಿದ್ದ ಭಾಗಗಳು ನೆಲಕಚ್ಚಿದವು. ಒಂದೇ ಕಟ್ಟಡ, ಒಂದೇ ನೆಲ, ಒಂದೇ ಭೂಕಂಪ. ಇದಕ್ಕಿಂತ ಸ್ಪಷ್ಟವಾದ ಹೋಲಿಕೆಯನ್ನು ಯಾರೂ ಬೇಕೆಂದು ಏರ್ಪಡಿಸಲಾರರು.

ಊರನ್ನು ಮತ್ತೆ ಕಟ್ಟಬೇಕಿತ್ತು. ಬೆಟ್ಟದ ಮೇಲಿನ ಫೇರ್‌ಮಾಂಟ್ ಹೋಟೆಲು ಇನ್ನೇನು ತೆರೆಯಬೇಕೆನ್ನುವಾಗ ಬೆಂಕಿಗೆ ತುತ್ತಾಗಿತ್ತು. ಹೊರಗೋಡೆ ನಿಂತಿದ್ದರೂ ಒಳಗೆ ಉಕ್ಕಿನ ಕಂಬಗಳು ಕಾವಿಗೆ ಸೊಟ್ಟಗಾಗಿ ಮಹಡಿಗಳು ಕುಸಿದಿದ್ದವು. ಅದನ್ನು ಸರಿಮಾಡುವ ಕೆಲಸ ಮಾರ್ಗನ್‌ರಿಗೆ ಬಂತು. ಭೂಕಂಪ ಕಳೆದು ಒಂದು ವರ್ಷಕ್ಕೆ, 1907ರ ಏಪ್ರಿಲ್‌ನಲ್ಲಿ, ಹೋಟೆಲು ತೆರೆಯಿತು. ಆಗ ನೋಡಲು ಬಂದ ಪತ್ರಕರ್ತೆಯೊಬ್ಬರು ಒಳಾಂಗಣದ ಅಲಂಕಾರ ಇವರದೇ ಇರಬೇಕೆಂದು ಭಾವಿಸಿ ಮಾತಿಗೆ ತೊಡಗಿದರಂತೆ. ತಮ್ಮ ಕೆಲಸವೆಲ್ಲ ಕಟ್ಟಡದ ಬಲಕ್ಕೆ ಸಂಬಂಧಿಸಿದ್ದು, ಅಲಂಕಾರದ್ದಲ್ಲ ಎಂದು ಮಾರ್ಗನ್ ತಿದ್ದಬೇಕಾಯಿತು. ಅಲ್ಲಿಂದಾಚೆ ಕೆಲಸಕ್ಕೆ ಬರವಾಗಲಿಲ್ಲ. ಮರ್ಚಂಟ್ಸ್ ಎಕ್ಸ್‌ಚೇಂಜ್ ಕಟ್ಟಡದ 13ನೆಯ ಮಹಡಿಯಲ್ಲಿ ಹೊಸ ಕಚೇರಿ ಹೂಡಿದರು, ನಿವೃತ್ತಿಯವರೆಗೂ ಅಲ್ಲೇ ಇದ್ದರು.

ದುಡಿಯುವ ಹೆಣ್ಣುಮಕ್ಕಳಿಗಾಗಿ

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಭಾಗ ಇದು, ಅರಮನೆಯ ಗದ್ದಲದಲ್ಲಿ ಇದರ ಮಾತು ಹಿಂದೆ ಬೀಳುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಣ್ಣ ಊರುಗಳ ಹುಡುಗಿಯರು ಅಂಗಡಿ, ಕಚೇರಿ, ಟೆಲಿಫೋನು ಎಕ್ಸ್‌ಚೇಂಜುಗಳ ಕೆಲಸಕ್ಕೆ ನಗರಗಳಿಗೆ ಬರುತ್ತಿದ್ದರು. ಕಡಿಮೆ ಸಂಬಳ, ಒಂಟಿ ಹೆಣ್ಣಿಗೆ ನೆಮ್ಮದಿಯ ಕೋಣೆ ಸಿಗುವುದು ಕಷ್ಟ. ಅವರಿಗೆ ವಸತಿ, ಊಟ, ಈಜು, ವ್ಯಾಯಾಮ, ಸಂಜೆಯ ತರಗತಿಗಳನ್ನು ಒಂದೇ ಸೂರಿನಡಿ ಕೊಟ್ಟ ಸಂಸ್ಥೆ ವೈಡಬ್ಲ್ಯುಸಿಎ. ಕ್ಯಾಲಿಫೋರ್ನಿಯಾ, ಯೂಟಾ, ಹವಾಯಿಗಳಲ್ಲಿ ಈ ಸಂಸ್ಥೆಗಾಗಿ ಮಾರ್ಗನ್ ಅನೇಕ ಕಟ್ಟಡಗಳನ್ನು ಮಾಡಿದರು. ಓಕ್‌ಲ್ಯಾಂಡಿನದು 1915ರದು, ಹೊನೊಲುಲುವಿನದು 1927ರದು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀಯರ ಕೇರಿಯಲ್ಲಿ 1932ರಲ್ಲಿ ಕಟ್ಟಿದ್ದು ಈಗ ಅಮೆರಿಕದ ಚೀನೀ ಸಮುದಾಯದ ಇತಿಹಾಸ ಹೇಳುವ ವಸ್ತುಸಂಗ್ರಹಾಲಯ.

ಒಂದು ವಸತಿಗೃಹದ ನಕ್ಷೆಯಲ್ಲಿ ಮಾರ್ಗನ್ ಹುಡುಗಿಯರಿಗೆಂದು ಚಿಕ್ಕ ಅಡುಗೆಮನೆಗಳನ್ನೂ, ಅತಿಥಿಗಳನ್ನು ಕರೆದು ಕೂರಿಸಲು ಪುಟ್ಟ ಊಟದ ಕೋಣೆಗಳನ್ನೂ ಸೇರಿಸಿದ್ದರು. ಕೂಲಿ ಮಟ್ಟದ ಸಂಬಳದ ಹುಡುಗಿಯರಿಗೆ ಇಷ್ಟೆಲ್ಲ ಏಕೆ ಎಂದು ಸಮಿತಿಯವರು ಕೇಳಿದರಂತೆ. ಅದೇ ಕಾರಣಕ್ಕೆ ಎಂದರಂತೆ ಮಾರ್ಗನ್.

ಪೆಸಿಫಿಕ್ ಗ್ರೋವ್ ಎಂಬ ಊರಿನ ಕಡಲತಡಿಯಲ್ಲಿ 1913ರಿಂದ ಬೆಳೆದ ಅಸಿಲೊಮಾರ್ ಶಿಬಿರ ಇದೇ ಸಂಸ್ಥೆಯದು. ಮರಳದಿಬ್ಬ ಮತ್ತು ಪೈನ್ ಮರಗಳ ನಡುವೆ ಹರಡಿದ ಕಟ್ಟಡಗಳಿಗೆ ಅಲ್ಲಿಯದೇ ಕಲ್ಲು, ರೆಡ್‌ವುಡ್ ಮರ. ಛಾವಣಿಯ ತೊಲೆಗಳನ್ನು ಮುಚ್ಚದೆ ಹಾಗೆಯೇ ಕಾಣಲು ಬಿಟ್ಟಿದ್ದಾರೆ. ಗೋಡೆ, ತೊಲೆ ಹೇಗೆ ನಿಂತಿವೆ ಎಂಬುದು ಒಳಗೆ ಕೂತವರಿಗೆ ಕಾಣುತ್ತದೆ. ಕಾಂಕ್ರೀಟನ್ನು ಇಷ್ಟು ಚೆನ್ನಾಗಿ ಅರಿತವರು ಅದು ಬೇಡವಾದ ಕಡೆ ಬಳಸಲೇ ಇಲ್ಲ. 1929ರಿಂದ 30ರ ನಡುವೆ ಕಟ್ಟಿದ ಬರ್ಕ್‌ಲಿಯ ಮಹಿಳೆಯರ ಕ್ಲಬ್ಬು ಮತ್ತೆ ಆರ್‌ಸಿಸಿ. ಆರು ಮಹಡಿ, ಕಮಾನುಗಳು, ಒಳಗೊಂದು ಈಜುಕೊಳ.

ಬೆಟ್ಟದ ಮೇಲೆ 28 ವರ್ಷ

ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅಮೆರಿಕದ ಪತ್ರಿಕಾ ದೊರೆ. ಅವರ ತಾಯಿ ಫೀಬಿ ಹರ್ಸ್ಟ್ ಮಾರ್ಗನ್‌ರಿಗೆ ಮೊದಲಿನಿಂದ ಆಸರೆಯಾಗಿದ್ದವರು. 1919ರಲ್ಲಿ ತಾಯಿ ತೀರಿಕೊಂಡಾಗ ಸ್ಯಾನ್ ಸಿಮಿಯೊನ್ ಕರಾವಳಿಯ ಲಕ್ಷಾಂತರ ಎಕರೆ ಹುಲ್ಲುಗಾವಲು ಮಗನ ಕೈಗೆ ಬಂತು. ಅಲ್ಲಿಯ ಬೆಟ್ಟದ ಮೇಲೆ ಡೇರೆ ಹಾಕಿ ಇರುವುದು ಸಾಕಾಗಿದೆ, ಇನ್ನಷ್ಟು ಅನುಕೂಲವಾದ ಒಂದು ಮನೆ ಬೇಕು ಎಂದು ಹರ್ಸ್ಟ್ ಮಾರ್ಗನ್‌ರ ಕಚೇರಿಗೆ ಬಂದರು. ಕೆಲಸ 1947ರವರೆಗೆ ನಡೆಯಿತು. ಕೊನೆಗೆ ನಿಂತದ್ದು 165 ಕೋಣೆಗಳು, 127 ಎಕರೆ ತೋಟ, ಎರಡು ಈಜುಕೊಳ.

ಸಮುದ್ರಮಟ್ಟದಿಂದ 1,600 ಅಡಿ ಎತ್ತರದ ಜಾಗ. ಸಿಮೆಂಟು, ಕಬ್ಬಿಣ, ಮರ ಎಲ್ಲವೂ ಹಡಗಿನಲ್ಲಿ ಕೆಳಗಿನ ದಕ್ಕೆಗೆ ಬಂದು, ಅಲ್ಲಿಂದ ಕಡಿದಾದ ಮಣ್ಣುದಾರಿ ಹತ್ತಬೇಕು. ಮಾರ್ಗನ್ ವಾರವಿಡೀ ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿಯಲ್ಲಿ ದುಡಿದು, ವಾರದ ಕೊನೆಗೆ ರೈಲು ಹತ್ತಿ 300ಕ್ಕೂ ಹೆಚ್ಚು ಕಿಲೋಮೀಟರು ದೂರದ ಸ್ಯಾನ್ ಲೂಯಿ ಒಬಿಸ್ಪೊದಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಬೆಟ್ಟ ಸೇರುತ್ತಿದ್ದರು. 1919ರಿಂದ 1939ರವರೆಗೆ ಹೀಗೆ 558 ಸಲ ಹೋಗಿಬಂದ ಲೆಕ್ಕವಿದೆ. 1932ರಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯಿಂದ ನಡಿಗೆಯ ಸಮತೋಲನ ಕೆಟ್ಟಿತು, ಮುಖದ ಒಂದು ಬದಿ ಜೋತಿತು. ಆಮೇಲೂ ಸಾರುವೆ ಹತ್ತುವುದನ್ನು ಬಿಡಲಿಲ್ಲ.

ಹರ್ಸ್ಟ್ ಯೂರೋಪಿನ ಹಳೆಯ ಮಠ, ಅರಮನೆಗಳಿಂದ ಮರದ ಛಾವಣಿ, ಅಗ್ಗಿಷ್ಟಿಕೆ, ಬಾಗಿಲುಗಳನ್ನು ಕೊಂಡು ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದರು. ಶತಮಾನಗಳ ಹಿಂದಿನ ಸ್ಪೇನಿನ ಛಾವಣಿಗೆ ತಕ್ಕಂತೆ ಹೊಸ ಕೋಣೆಯ ಅಳತೆ ಹೊಂದಿಸಬೇಕು. ಹರ್ಸ್ಟ್ ಮನಸ್ಸು ಬದಲಾಯಿಸಿದರೆ ಕಟ್ಟಿದ್ದನ್ನು ಒಡೆಯಬೇಕು. ಹೊರಾಂಗಣದ ನೆಪ್ಚೂನ್ ಕೊಳವನ್ನು 1924ರಿಂದ 1936ರ ನಡುವೆ ಮೂರು ಸಲ ಕಟ್ಟಿದರು, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಿ. ಒಳಾಂಗಣದ ರೋಮನ್ ಕೊಳದ ಛಾವಣಿಯ ಮೇಲೆ ಟೆನಿಸ್ ಅಂಗಳಗಳಿವೆ! ಕೆಳಗೆ ಈಜುವವರು, ನೆತ್ತಿಯ ಮೇಲೆ ಆಡುವವರು. ಇಟ್ಟಿಗೆ ಗೋಡೆಯ ಮೇಲೆ ಇದು ಆಗುವ ಮಾತಲ್ಲ.

ನೋಡುವವರ ಕಣ್ಣಿಗೆ ಅರಮನೆಯ ಮುಖ್ಯ ಕಟ್ಟಡ ಸ್ಪೇನಿನ ಹಳೆಯ ಚರ್ಚಿನಂತೆ ಕಾಣುತ್ತದೆ. ಅದರ ಯೂಟಾ ಸುಣ್ಣಕಲ್ಲು ಬರೀ ಹೊದಿಕೆ, ಒಳಗಿರುವುದೆಲ್ಲ ಆರ್‌ಸಿಸಿ. 2003ರ ಡಿಸೆಂಬರ್ 22ರಂದು ಸ್ಯಾನ್ ಸಿಮಿಯೊನ್‌ಗೆ ಹತ್ತಿರದಲ್ಲೇ 6.5ರ ಭೂಕಂಪವಾಯಿತು. ಪಾಸೊ ರೋಬ್ಲೆಸ್ ಎಂಬ ಊರಿನಲ್ಲಿ 1892ರ ಒಂದು ಇಟ್ಟಿಗೆ ಕಟ್ಟಡ ಕುಸಿದು ಇಬ್ಬರು ಸತ್ತರು. ಕೇಂದ್ರಕ್ಕೆ ಅದಕ್ಕಿಂತ ಸಮೀಪದಲ್ಲಿದ್ದ ಅರಮನೆಗೆ ಸಣ್ಣಪುಟ್ಟ ಹಾನಿ ಬಿಟ್ಟರೆ ಏನೂ ಆಗಲಿಲ್ಲ.

ಇಷ್ಟು ಕಟ್ಟಿದವರನ್ನು ಮರೆತದ್ದೇಕೆ?

ಕಾರಣಗಳಲ್ಲಿ ಕೆಲವು ಅವರದೇ ಆಯ್ಕೆ. ಮಾರ್ಗನ್ ಸಂದರ್ಶನ ಕೊಡುತ್ತಿರಲಿಲ್ಲ, ಪತ್ರಿಕೆಗಳಿಗೆ ಬರೆಯುತ್ತಿರಲಿಲ್ಲ, ಸ್ಪರ್ಧೆಗಳಿಗೆ ನಕ್ಷೆ ಕಳಿಸುತ್ತಿರಲಿಲ್ಲ. ಕಟ್ಟಡವೇ ತನ್ನ ಪರವಾಗಿ ಮಾತಾಡಲಿ ಎಂಬ ನಿಲುವು. 1951ರಲ್ಲಿ ಕಚೇರಿ ಮುಚ್ಚುವಾಗ ಹಳೆಯ ಕಾಗದಪತ್ರಗಳಲ್ಲಿ ಬಹಳಷ್ಟನ್ನು ನಾಶ ಮಾಡಿಸಿದರು. ಮದುವೆಯಾಗಿರಲಿಲ್ಲ. 1957ರ ಫೆಬ್ರುವರಿ 2ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಹೆಸರು ಎತ್ತುವವರು ಕಡಿಮೆಯಾಗಿದ್ದರು.

ಇನ್ನೊಂದು ಕಾರಣ ಕಾಲದ ರುಚಿ. 1930ರಿಂದಾಚೆ ವಾಸ್ತುಶಿಲ್ಪದಲ್ಲಿ ಆಧುನಿಕತಾವಾದ ಬಲವಾಯಿತು. ಗಾಜು, ಉಕ್ಕು, ಕಾಂಕ್ರೀಟನ್ನು ಮುಚ್ಚದೆ ತೋರಿಸಬೇಕು, ಹಳೆಯ ಶೈಲಿಯ ಅಲಂಕಾರ ಹಚ್ಚುವುದು ಸುಳ್ಳು ಎಂಬುದು ಅದರ ವಾದ. ಪ್ರತಿಭಾವಂತನಿಗೆ ತನ್ನದೇ ಒಂದು ಛಾಪು ಇರಬೇಕು, ದೂರದಿಂದಲೇ ಇದು ಇಂಥವರ ಕಟ್ಟಡ ಎಂದು ಗೊತ್ತಾಗಬೇಕು ಎಂಬ ನಿರೀಕ್ಷೆಯೂ ಬೆಳೆಯಿತು. ಮಾರ್ಗನ್ ಈ ಎರಡಕ್ಕೂ ಹೊಂದುವವರಲ್ಲ. ಒಂದು ಕಡೆ ಸ್ಪ್ಯಾನಿಷ್ ಗೋಪುರ, ಇನ್ನೊಂದು ಕಡೆ ಮರದ ಸಭಾಂಗಣ, ಮತ್ತೊಂದು ಕಡೆ ಚೀನೀ ಹೆಂಚಿನ ಮಾಡು. ಯಾರಿಗಾಗಿ ಕಟ್ಟುತ್ತೇವೆ, ಯಾವ ನೆಲದಲ್ಲಿ ಕಟ್ಟುತ್ತೇವೆ ಎಂಬುದರಿಂದ ಅವರ ಶೈಲಿ ಹುಟ್ಟುತ್ತಿತ್ತು. ವಿಮರ್ಶಕರು ಇದನ್ನು ಸ್ವಂತಿಕೆಯ ಕೊರತೆ ಎಂದು ಓದಿದರು. ಅಷ್ಟೆಲ್ಲ ಬೇರೆ ಬೇರೆ ರೂಪಗಳ ಒಳಗೆ ಒಂದೇ ಬಗೆಯ ಕಟ್ಟುನಿಟ್ಟಾದ ಲೆಕ್ಕವಿದೆ ಎಂಬುದು ಹೊರಗಿನ ಫೋಟೊದಲ್ಲಿ ಬೀಳುವಂಥದ್ದಲ್ಲ.

ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 1907ರಿಂದ ಚಿನ್ನದ ಪದಕ ಕೊಡುತ್ತಾ ಬಂದಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ಯಾವ ಮಹಿಳೆಗೂ ಸಿಕ್ಕಿರಲಿಲ್ಲ. 2014ರ ಪದಕವನ್ನು ಮಾರ್ಗನ್‌ರಿಗೆ ಕೊಟ್ಟರು, ತೀರಿಕೊಂಡು 57 ವರ್ಷಗಳಾದ ಮೇಲೆ.

ಉಳಿದ ನಕ್ಷೆಗಳು, ಹರ್ಸ್ಟ್ ಜೊತೆಗಿನ ಪತ್ರಗಳು ಈಗ ಸ್ಯಾನ್ ಲೂಯಿ ಒಬಿಸ್ಪೊದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಹರ್ಸ್ಟ್ ಅರಮನೆ 1958ರಿಂದ ಸಾರ್ವಜನಿಕರಿಗೆ ತೆರೆದಿದೆ, ಅಸಿಲೊಮಾರ್ ಸರ್ಕಾರಿ ಉದ್ಯಾನವಾಗಿ ಶಿಬಿರಗಳಿಗೂ ತಂಗುವವರಿಗೂ ಕೋಣೆ ಕೊಡುತ್ತದೆ. ಬೇ ಏರಿಯಾದಲ್ಲಿ ನೆಂಟರೋ ಮಕ್ಕಳೋ ಇದ್ದು ಆ ಕಡೆ ಹೋಗುವವರು ಅರಮನೆಯ ಟಿಕೆಟ್ಟಿನ ಜೊತೆಗೆ ಓಕ್‌ಲ್ಯಾಂಡಿನ ಆ ಗಂಟೆ ಗೋಪುರಕ್ಕೂ ಅರ್ಧ ದಿನ ಎತ್ತಿಡಬಹುದು. ಮಿಲ್ಸ್ ಕಾಲೇಜು 2022ರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದೊಂದಿಗೆ ವಿಲೀನವಾಗಿದ್ದು, ಗೋಪುರ ಈಗ ಆ ವಿಶ್ವವಿದ್ಯಾಲಯದ ಆವರಣದಲ್ಲಿದೆ.